ಅರ್ಧ ಮುಖದ ಜಾಹೀರಾತು

ತೀರಿಕೊಂಡವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಂಟಲು ಕಟ್ಟಿಸಿಕೊಂಡು ಬರೆಯುತ್ತಾರೆ. ನನ್ನ ಗಂಟಲು ಚೆನ್ನಾಗಿಯೇ ಇದೆ. ನನ್ನ ಅಂಗಡಿಯ ಮೇಲಿನ ಮಹಡಿ ಮೇಡಂ ಹೋದಳು ಎಂದು ಆಕೆಯ ಊರು ಹಗರೆಯಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಕೆಮ್ಮಿನ ಔಷಧಿಯ ಪೆಟ್ಟಿಗೆ ಬಿಚ್ಚುತ್ತಿದ್ದೆ. ಹೌದಾ, ಯಾವಾಗ ಎಂದು ಕೇಳಿ ಫೋನಿಟ್ಟು, ಬಾಟಲಿಗಳನ್ನೆಲ್ಲ ಸಾಲಾಗಿ ಜೋಡಿಸಿ ಮುಗಿಸಿದ ಮೇಲೆಯೇ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಗಿರಿಜ ಅತ್ತಳು. ಯಾರ ದೆಸೆಯಿಂದ ತನ್ನ ದವಡೆಯ ಮೇಲೆ ಸುಟ್ಟ ಗೆರೆಗಳು ಉಳಿದಿವೆಯೋ ಅವಳಿಗಾಗಿ ಸೆರಗು ಒದ್ದೆಯಾಗುವಷ್ಟು ಅತ್ತಳು. ಅದನ್ನು ನೋಡಿ ನನಗೆ ಇನ್ನಷ್ಟು ಹೇಸಿಗೆಯಾಯಿತು.

ಹೇಸಿಗೆ ಎಂದೆ, ಆ ಪದವನ್ನು ಬದಲಾಯಿಸುವುದಿಲ್ಲ. ಬದುಕಿದ್ದಾಗ ನಾನು ಆಕೆಯನ್ನು ನೀವು, ಮೇಡಂ ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನ ಬಂದಿದ್ದರೆ ಅದು ಸಲಿಗೆಯಲ್ಲ, ಸಿಟ್ಟು. ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ನಮ್ಮ ಊರಿನ ಅರ್ಧ ಹೆಂಗಸರು ‘ಅಯ್ಯೋ ಪಾಪ, ಎಷ್ಟು ಒಳ್ಳೆಯವರು’ ಎಂದು ಶುರು ಮಾಡುತ್ತಾರೆ. ಅದನ್ನು ಕೇಳುವ ತಾಳ್ಮೆ ನನಗಿಲ್ಲ.

ಅರಸೀಕೆರೆಯಲ್ಲಿ ಕೊಬ್ಬರಿ ಮಾರುಕಟ್ಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಮೆಡಿಕಲ್ ಸ್ಟೋರು. ಮೇಲಿನ ಮಹಡಿಯಲ್ಲಿ ಆಕೆಯ ಬ್ಯೂಟಿ ಪಾರ್ಲರು. ಮೇಲೆ ಹೋಗುವ ಮೆಟ್ಟಿಲು ನನ್ನ ಕೌಂಟರಿನ ಪಕ್ಕದಲ್ಲೇ ಇರುವುದರಿಂದ ಹತ್ತುವವರು, ಇಳಿಯುವವರು ಎಲ್ಲರೂ ನನ್ನ ಕಣ್ಣಿಗೆ ಬೀಳಲೇಬೇಕು. ದಪ್ಪ ಹುಬ್ಬಿನವರು ಹತ್ತಿ ತೆಳು ಹುಬ್ಬಿನವರಾಗಿ ಇಳಿಯುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆಕೆ ಹಗರೆಯ ಕಡೆಯವಳು. ಗಂಡ ಎಲ್ಲಿದ್ದ, ಏನಾದ ಎಂದು ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಒಬ್ಬಳೇ ಬಂದು, ಒಬ್ಬಳೇ ಬಾಡಿಗೆಗೆ ಹಿಡಿದು, ಒಬ್ಬಳೇ ನಡೆಸಿದಳು.

ಹುಬ್ಬು ತೆಗೆಯುವುದರಲ್ಲಿ ಆಕೆಯ ಕೈಗೆ ಸಮನಾದ ಕೈ ನಮ್ಮ ತಾಲೂಕಿನಲ್ಲಿ ಇರಲಿಲ್ಲ ಎನ್ನುತ್ತಾರೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದೇ ಬಾಯಲ್ಲಿ ಊರ ಸುದ್ದಿಯನ್ನೂ ಹೇಳುತ್ತ, ನಗಿಸುತ್ತ, ನೋವು ಗೊತ್ತಾಗುವ ಮುಂಚೆ ಕೆಲಸ ಮುಗಿಸಿಬಿಡುತ್ತಿದ್ದಳಂತೆ. ಮದುವೆ ಹುಡುಗಿಯರು ಬೆಳಿಗ್ಗೆ ಏನೂ ತಿನ್ನದೆ ಅಲಂಕಾರಕ್ಕೆ ಬಂದರೆ ಮೊದಲು ಕೆಳಗಿನ ಹೋಟೆಲಿನಿಂದ ಇಡ್ಲಿ ತರಿಸಿ ತಿನ್ನಿಸುತ್ತಿದ್ದಳು. ಇದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ಇದು ನಿಜ.

ಇನ್ನೊಂದು ಅಭ್ಯಾಸವಿತ್ತು. ಯಾವ ಹೆಂಗಸೇ ಎದುರು ಸಿಗಲಿ, ಕೇಳದೆ ಕರೆಯದೆ ತೋರುಬೆರಳನ್ನು ಅವಳ ಗಲ್ಲದ ಕೆಳಗಿಟ್ಟು ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ನೋಡುವುದು. ದನದ ಜಾತ್ರೆಯಲ್ಲಿ ಹಲ್ಲು ನೋಡುವ ಹಾಗೆ. ನೋಡಿ, ತಲೆ ಅಲ್ಲಾಡಿಸಿ, ಬೆರಳು ತೆಗೆಯುವಳು. ‘ಮುಖ ಅಂದ್ರೆ ಅಂಗಡಿ ಬಾಗ್ಲು ಕಣ್ರೀ, ಚೆನ್ನಾಗಿ ಮಡಿಕ್ಕೋಬೇಕು’ ಎನ್ನುವುದು ಆಕೆಯ ಮಾತು. ಜ್ವರದ ಮಾತ್ರೆ ಕೊಳ್ಳಲು ಬಂದ ಹೆಂಗಸರಿಗೂ ನನ್ನ ಕೌಂಟರಿನ ಮುಂದೆಯೇ ಹೀಗೆ ಬೆರಳಿಟ್ಟು, ನಿಮ್ಮ ದವಡೆ ಇಳೀತಾ ಐತೆ ಎಂದು ಹೇಳಿ ಕಳಿಸುತ್ತಿದ್ದಳು. ಜ್ವರಕ್ಕೆ ಬಂದವರು ಜ್ವರ ಮರೆತು ದವಡೆ ಮುಟ್ಟಿಕೊಳ್ಳುತ್ತ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಆಕೆಯಿಂದ ಫೋನ್ ಬಂತು. ಮಾತು ತೊದಲುತ್ತಿತ್ತು. ಮೇಲೆ ಬನ್ನಿ ಎಂದಷ್ಟೇ ಅರ್ಥವಾಯಿತು. ಹೋಗಿ ನೋಡಿದರೆ ಷಟರ್ ಅರ್ಧ ಇಳಿದಿತ್ತು. ಒಳಗೆ ಗೋಡೆಯ ಕನ್ನಡಿಗಳಿಗೆಲ್ಲ ಟವೆಲ್ ಹೊದಿಸಿದ್ದಳು. ಮುಖದ ಎಡಭಾಗ ಪೂರ್ತಿ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಕುಡಿದ ಟೀ ಬಾಯಿಯ ಮೂಲೆಯಿಂದ ಸೀರೆಯ ಮೇಲೆ ಸೋರಿತ್ತು. ಹಗರೆಯಿಂದ ಯಾರೋ ಫೋನಿನಲ್ಲಿ ಗಾಳಿ ಹೊಡೆದಿದೆ, ಸೊಪ್ಪಿನ ರಸ ಹಚ್ಚು ಎಂದಿದ್ದರಂತೆ. ನಾನು ಬೈದು ಆಟೋ ತರಿಸಿ ಆಸ್ಪತ್ರೆಗೆ ಕಳಿಸಿದೆ. ಮುಖದ ನರ ಊದಿಕೊಂಡಿದೆ, ಬೇಗ ಬಂದಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆ, ಕಣ್ಣಿಗೆ ಹಾಕುವ ಹನಿ, ಮಲಗುವಾಗ ಕಣ್ಣಿಗೆ ಅಂಟಿಸುವ ಪಟ್ಟಿ ಎಲ್ಲವನ್ನೂ ನಾನೇ ಮೇಲಕ್ಕೆ ತಲುಪಿಸುತ್ತಿದ್ದೆ. ಆಕೆ ಹಗರೆಗೆ ಹೋಗಿದ್ದಾಳೆ ಎಂದೇ ಊರೆಲ್ಲ ನಂಬಿತ್ತು. ಆಕೆ ಮಾತ್ರ ಷಟರಿನ ಹಿಂದೆ, ಟವೆಲ್ ಹೊದ್ದ ಕನ್ನಡಿಗಳ ನಡುವೆ, ಕೆನ್ನೆ ಉಬ್ಬಿಸಿ ಊದುವ, ಅ ಆ ಇ ಈ ಹೇಳುವ ಅಭ್ಯಾಸ ಮಾಡುತ್ತ ಕೂತಿದ್ದಳು. ಆಗ ನನಗೆ ನಿಜಕ್ಕೂ ಮರುಕವಾಗಿತ್ತು.

ಹೆಚ್ಚುಕಡಿಮೆ ವಾಸಿಯಾಯಿತು. ಕಣ್ಣು ಮುಚ್ಚತೊಡಗಿತು, ಮಾತು ಸರಿಹೋಯಿತು. ಎಡಗೆನ್ನೆ ಮತ್ತು ಎಡ ತುಟಿಯ ಮೂಲೆ ಮಾತ್ರ ಸ್ವಲ್ಪ ಇಳಿದೇ ಉಳಿಯಿತು. ಟವೆಲ್‌ಗಳು ಕನ್ನಡಿಯಿಂದ ಇಳಿದವು, ಪಾರ್ಲರು ತೆರೆಯಿತು.

ಅದಾದ ಒಂದೆರಡು ವರ್ಷಕ್ಕೆ ಮಿಷನ್ ಬಂತು. ಬೆಂಗಳೂರಿನಿಂದ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿದ ಬಿಳಿ ಬಣ್ಣದ ಯಂತ್ರ, ಅದಕ್ಕೊಂದು ಪರದೆ, ವೈರಿನ ತುದಿಗೆ ಕೈಯಲ್ಲಿ ಹಿಡಿಯುವ ಒಂದು ತಲೆ. ಮಾರಿದವರೇ ಎರಡು ದಿನ ತರಬೇತಿ ಕೊಟ್ಟರಂತೆ. ಎರಡು ದಿನದಲ್ಲಿ ಹೋಳಿಗೆ ಮಾಡುವುದನ್ನೂ ಸರಿಯಾಗಿ ಕಲಿಯಲು ಆಗುವುದಿಲ್ಲ. ಮೆಟ್ಟಿಲ ಬಳಿ ಹೊಸ ಬೋರ್ಡು ಬಂತು: ಅಲ್ಟ್ರಾಸೌಂಡ್ ಲಿಫ್ಟಿಂಗ್, ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಜೋತ ಚರ್ಮ ಬಿಗಿ. ಅಲ್ಟ್ರಾಸೌಂಡ್ ಅಂದರೆ ನಮ್ಮ ಹೆಂಗಸರಿಗೆ ಗೊತ್ತಿರುವುದು ಬಸುರಿಯರ ಸ್ಕ್ಯಾನಿಂಗ್. ಮುಖಕ್ಕೆ ಯಾಕೆ ಸ್ಕ್ಯಾನಿಂಗು ಎಂದು ಹೆದರಿ ಕೇಳಿದವರಿಗೆ ಆಕೆ ಒಂದು ಉತ್ತರ ಕಂಡುಹಿಡಿದಿದ್ದಳು.

‘ಹೊಟ್ಟೇಲಿರೋ ಮಗೂಗೇ ಏನೂ ಆಗಲ್ಲ ಅಂದ್ಮೇಲೆ ನಿಮ್ಮ ಕೆನ್ನೆಗೆ ಏನಾಗ್ತದೆ ಹೇಳಿ.’

ಇದನ್ನು ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಮಾತ್ರೆಯ ಪಟ್ಟಿ ಕೆಳಗೆ ಬಿತ್ತು. ಸ್ಕ್ಯಾನಿಂಗ್ ಒಳಗಿರುವುದನ್ನು ನೋಡುವುದಕ್ಕೆ. ಈ ಯಂತ್ರ ಅದೇ ಶಬ್ದದ ಅಲೆಗಳನ್ನು ಒಂದು ಚುಕ್ಕೆಯಲ್ಲಿ ಒಟ್ಟುಗೂಡಿಸಿ, ಚರ್ಮದ ಕೆಳಗಿನ ಪದರವನ್ನು ಬೇಕೆಂದೇ ಕಾಯಿಸುವುದಕ್ಕೆ. ಕಾದ ಜಾಗ ಕುಗ್ಗಿ, ವಾಸಿಯಾಗುವಾಗ ಹೊಸ ನಾರು ಬೆಳೆದು, ತಿಂಗಳುಗಳ ಮೇಲೆ ಚರ್ಮ ಸ್ವಲ್ಪ ಬಿಗಿಯಾಗುತ್ತದೆ. ದೀಪದ ಬೆಳಕಿನಲ್ಲಿ ಪುಸ್ತಕ ಓದುವುದಕ್ಕೂ ಅದೇ ದೀಪಕ್ಕೆ ಬೆರಳು ಹಿಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ ಇವೆರಡಕ್ಕೂ ಇದೆ. ಇದನ್ನೆಲ್ಲ ಬಲ್ಲವಳು, ತರಬೇತಿಯಲ್ಲಿ ಕೇಳಿದವಳು, ಹುಟ್ಟದ ಮಗುವನ್ನು ಸಾಕ್ಷಿಗೆ ಕರೆಯುತ್ತಿದ್ದಳು.

ಅದಕ್ಕಿಂತ ಅಸಹ್ಯವಾದದ್ದು ಎರಡನೆಯ ಉಪಾಯ. ಬಂದವರು ಇನ್ನೂ ಅನುಮಾನದಲ್ಲಿದ್ದರೆ ಆಕೆ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂರುವಳು. ಮೂಗಿನ ನೇರಕ್ಕೆ ಒಂದು ರಟ್ಟಿನ ತುಂಡು ಹಿಡಿದು, ಮೊದಲು ಎಡಭಾಗ ತೋರಿಸಿ, ಇದು ದೇವರು ಕೊಟ್ಟಿದ್ದು ಎನ್ನುವಳು. ಆಮೇಲೆ ರಟ್ಟನ್ನು ಆಚೆ ಕಡೆಗೆ ಸರಿಸಿ, ಇದು ಮಿಷನ್ನು ಕೊಟ್ಟಿದ್ದು ಎನ್ನುವಳು. ಜನ ನೋಡಲಿ ಎಂದೇ ಇನ್ನೊಂದು ಕಡೆಗೆ ಮಾಡಿಕೊಂಡಿಲ್ಲ ಎಂದು ಸೇರಿಸುವಳು. ಬಂದವರು ಬೆರಗಾಗುತ್ತಿದ್ದರು. ಆಗದೆ ಏನು? ಒಂದೇ ಮುಖದಲ್ಲಿ ಒಂದು ಕಡೆ ಇಳಿದಿದೆ, ಇನ್ನೊಂದು ಕಡೆ ಎತ್ತಿದೆ. ಷಟರಿನ ಹಿಂದೆ ಅತ್ತು ಕಳೆದ ಕಾಯಿಲೆಯನ್ನೇ ಆಕೆ ಅಂಗಡಿಯ ಮುಂದೆ ನೇತುಹಾಕಿದ್ದಳು. ಫೋಟೋ ತೆಗೆಸಿ ನಡುವೆ ಗೆರೆ ಎಳೆಸಿ ಫ್ಲೆಕ್ಸ್ ಕೂಡ ಮಾಡಿಸಿದಳು.

ನಾನು ಮೇಲೆ ಹೋಗಿ ನೇರವಾಗಿಯೇ ಹೇಳಿದೆ. ಆ ಮಿಷನ್ನಿಗೆ ನಾನು ಬೈಯುತ್ತಿಲ್ಲ, ನಿಮ್ಮ ಸುಳ್ಳಿಗೆ ಬೈಯುತ್ತಿದ್ದೇನೆ, ಆ ಫ್ಲೆಕ್ಸ್ ಇಳಿಸಿ ಎಂದೆ. ಆಕೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಣ್ಣಗೆ ಕೇಳಿದಳು.

‘ನನ್ನ ಕಾಯಿಲೆ ನಿಮ್ಮ ಬಾಯಿಂದ ಆಚೆಗೆ ಬಂದ್ರೆ, ನಾಳಿಂದ ಈ ಊರೋರು ತಮ್ಮ ಕಾಯಿಲೆ ಚೀಟಿ ನಿಮ್ಮ ಕೈಗೆ ಕೊಡ್ತಾರೇನ್ರೀ?’

ಆ ಮಾತು ಸರಿಯಾಗಿತ್ತು, ಅದೇ ನನ್ನನ್ನು ಕೆರಳಿಸಿತು. ಸಣ್ಣ ಊರಿನ ಔಷಧಿ ಅಂಗಡಿಯವನಿಗೆ ಯಾರ ಮನೆಯಲ್ಲಿ ಯಾರಿಗೆ ಏನು ಎನ್ನುವುದೆಲ್ಲ ಗೊತ್ತಿರುತ್ತದೆ. ಅವನು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅವನ ಷಟರ್ ಏಳುತ್ತದೆ. ಮರುದಿನದಿಂದ ಆಕೆ ನನ್ನ ಅಂಗಡಿಗೆ ಬರುವುದನ್ನು ಬಿಟ್ಟಳು. ತಲೆನೋವಿನ ಮಾತ್ರೆಗೂ ಬರಲಿಲ್ಲ, ಮಿಷನ್ನಿಗೆ ಬೇಕಾದ ಜೆಲ್ಲಿಗೂ ಬರಲಿಲ್ಲ. ಚರ್ಮಕ್ಕೂ ಮಿಷನ್ನಿನ ತಲೆಗೂ ನಡುವೆ ಹಚ್ಚುವ ಆ ತಿಳಿ ಜೆಲ್ಲನ್ನು ನಾನೇ ಸ್ಕ್ಯಾನಿಂಗ್ ಸೆಂಟರುಗಳಿಗೆ ತರಿಸುವಾಗ ಆಕೆಗೂ ತರಿಸಿಕೊಡುತ್ತಿದ್ದೆ. ಬೇರೆ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ತಾನಾಗಿಯೇ ಇಳಿದು ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಹೆಂಗಸರು ಮಾತ್ರ ಮೆಟ್ಟಿಲು ಹತ್ತುತ್ತಲೇ ಇದ್ದರು.

ಈಗ ಗಿರಿಜಳ ವಿಷಯ. ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮೇಲೆ ಡಾಕ್ಟರು ತೂಕ ಇಳಿಸಿ ಎಂದರು, ಅವಳು ಹಟ ಹಿಡಿದು ಇಳಿಸಿದಳು. ಸಕ್ಕರೆ ಹತೋಟಿಗೆ ಬಂತು. ಆದರೆ ಕೆನ್ನೆ ಬತ್ತಿ ದವಡೆಯ ಕೆಳಗೆ ಚರ್ಮ ಸಡಿಲವಾಯಿತು. ನಮ್ಮ ಜನಕ್ಕೆ ಕಣ್ಣಿಗೆ ಕಂಡದ್ದನ್ನು ಬಾಯಲ್ಲಿ ಹೇಳದಿದ್ದರೆ ಅನ್ನ ಅರಗುವುದಿಲ್ಲ. ಮಠದಲ್ಲಿ ಸಿಕ್ಕವರು, ಸಂತೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಏನಮ್ಮಾ ಹಿಂಗೆ ಇಳಿದುಹೋಗಿದ್ದೀಯ ಎಂದು ಕೇಳುವವರೇ. ಕಷ್ಟಪಟ್ಟು ಆರೋಗ್ಯ ಸರಿಮಾಡಿಕೊಂಡವಳಿಗೆ ಸಿಕ್ಕ ಬಹುಮಾನ ಅದು. ಒಂದು ದಿನ ಅವಳು ಊಟದ ಡಬ್ಬಿ ತಂದಾಗ ಔಷಧಿ ಕಂಪನಿಯ ಹೊಸ ಹುಡುಗನೊಬ್ಬ ನನಗೆ, ಸರ್, ನಿಮ್ಮ ತಾಯಿ ಬಂದಿದ್ದಾರೆ ಎಂದ. ನಾನು ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ ಹಚ್ಚುವವನು. ಅವಳು ನೆರೆತ ಕೂದಲನ್ನು ಹಾಗೆಯೇ ಬಿಟ್ಟವಳು. ನಾನು ನಕ್ಕೆ. ಅವಳು ಡಬ್ಬಿ ಇಟ್ಟು ಹೋದಳು.

ಸ್ವಲ್ಪ ದಿನದ ಮೇಲೆ ಮಹಡಿಗೆ ಹೋಗುತ್ತೇನೆ ಎಂದಳು. ನಾನು ಬೇಡ ಎಂದೆ, ಯಾಕೆ ಬೇಡ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಮೇಡಂನ ಎಡಗೆನ್ನೆ ಇಳಿದಿರುವುದು ಕಾಯಿಲೆಯಿಂದ, ಬಲಗೆನ್ನೆಯನ್ನು ಎತ್ತಿದ್ದು ಯಾವ ಮಿಷನ್ನೂ ಅಲ್ಲ ಎಂದೆ. ಗಿರಿಜಳಿಗೆ ಆಶ್ಚರ್ಯವೇ ಆಗಲಿಲ್ಲ. ಅದು ಅವಳಿಗೆ ಆಗಲೇ ಗೊತ್ತಿತ್ತು. ಮೇಡಂ ತಾನೇ ಹೇಳಿದ್ದಳಂತೆ, ಕಣ್ಣೀರು ಹಾಕಿಕೊಂಡು. ಕಾಯಿಲೆಯಲ್ಲಿ ಇಡೀ ಮುಖ ಇಳಿದುಹೋಗಿತ್ತು, ಈ ಮಿಷನ್ನೇ ಒಂದು ಕಡೆಯನ್ನು ಎತ್ತಿ ಕೊಟ್ಟಿತು, ನಿಮ್ಮ ಯಜಮಾನರು ಪಾಪ ಮಾತ್ರೆಯಿಂದ ವಾಸಿಯಾಯಿತು ಅಂದುಕೊಂಡಿದ್ದಾರೆ ಎಂದು. ನಾನು ಏನು ಹೇಳುತ್ತೇನೆ ಎಂಬುದನ್ನು ಮೊದಲೇ ಊಹಿಸಿ, ಆ ನಿಜಕ್ಕೆ ಸರಿಹೊಂದುವ ಸುಳ್ಳನ್ನು ಹೊಲಿದು ಇಟ್ಟಿದ್ದಳು. ಒಬ್ಬೊಬ್ಬರ ಅಳತೆಗೆ ಒಂದೊಂದು ಸುಳ್ಳು. ಇಂಥ ಬುದ್ಧಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ನಾನು ಕೂಗಾಡಿದೆ. ಗಿರಿಜ ತಿರುಗಿ ಕೇಳಿದ್ದು ಒಂದೇ ಮಾತು.

‘ನೀವು ತಲೆಗೆ ಬಳ್ಕೊಬೋದು, ನಾನು ಮುಖಕ್ಕೆ ಮಾಡಿಸ್ಕೋಬಾರ್ದಾ?’

ಮರುದಿನ ನಾನು ಹಾಸನಕ್ಕೆ ಸ್ಟಾಕ್ ತರಲು ಹೋಗಿದ್ದಾಗ ಅವಳು ಮಹಡಿಗೆ ಹೋದಳು. ಜೊತೆಗೆ ಸ್ಟೀಲ್ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋದಳು. ಅವಳ ತವರು ಹಾರನಹಳ್ಳಿ, ತೆಂಗಿನ ತೋಟದವರು. ಅಟ್ಟದ ಮೇಲೆ ವರ್ಷ ಪೂರ್ತಿ ಒಣಗಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ಬರುವ ಎಣ್ಣೆ ನಮ್ಮ ಮನೆಯಲ್ಲಿ ತಲೆಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಕೂಸಿನ ಮೈಗೂ ಅದೇ. ಪಾರ್ಲರಿನಲ್ಲಿ ತಲೆಗೆ ಬೇರೆ ಎಣ್ಣೆ ಹಚ್ಚಿಸಿಕೊಂಡರೆ ತವರಿಗೆ ಅವಮಾನ ಎಂಬಂತೆ ಅವಳು ಎಲ್ಲಿಗೆ ಹೋದರೂ ತನ್ನ ಡಬ್ಬಿ ಒಯ್ಯುವವಳು. ಮಹಡಿಯಲ್ಲಿ ಜೆಲ್ ಮುಗಿದಿತ್ತು. ಕೆಳಗೆ ನನ್ನ ಅಂಗಡಿಯಲ್ಲಿ ಜೆಲ್ ಇತ್ತು, ಆದರೆ ಇಳಿದು ಬಂದು ಕೇಳಿದರೆ ಮೇಡಂ ಸೋತಂತೆ. ಡಬ್ಬಿ ನೋಡಿದ ಕೂಡಲೇ ಆಕೆಗೆ ದಾರಿ ಹೊಳೆಯಿತು. ಜೆಲ್ಲೆಲ್ಲ ಕೆಮಿಕಲ್ಲು, ಇದಕ್ಕಿಂತ ಒಳ್ಳೆಯದು ಯಾವುದಿದೆ ಎಂದಳಂತೆ. ಗಿರಿಜಳಿಗೂ ಅದು ಸರಿ ಎನಿಸಿತು, ಸ್ವಲ್ಪ ಹೆಮ್ಮೆಯೂ ಆಯಿತು. ಅರಸೀಕೆರೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕೊಬ್ಬರಿ ಎಣ್ಣೆಯಿಂದ ಚರ್ಮಕ್ಕೆ ಕೆಡುಕಾಗುತ್ತದೆ ಎಂದು ಕನಸಿನಲ್ಲೂ ಬರುವುದಿಲ್ಲ.

ಉರಿಯುತ್ತೆ ಎಂದು ಗಿರಿಜ ಹೇಳಿದಳಂತೆ. ಉರಿದರೇನೇ ಬಿಗಿಯಾಗೋದು ಎಂದಳಂತೆ ಆಕೆ. ನಿಮಗೆ ಬೇಗ ಕಾಣಲಿ ಎಂದು ಬಲದವಡೆಯ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿದಳಂತೆ. ಅದು ಆಕೆ ಮಾಡಿದ ವಿಶೇಷ ಉಪಚಾರ, ಕೆಳಗಿನ ಅಂಗಡಿಯವರ ಮನೆಯವರು ಎಂದು.

ನಾನು ಸಂಜೆ ಬಂದಾಗ ಗಿರಿಜ ದವಡೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಅದೇ ಎಣ್ಣೆ. ಹಣೆಯ ಮೇಲೆ ವಿಭೂತಿ ಎಳೆದ ಹಾಗೆಯೇ ದವಡೆಯ ಮೇಲೂ ಅಡ್ಡಕ್ಕೆ ಗೆರೆಗಳು ಎದ್ದಿದ್ದವು, ಅಲ್ಲಲ್ಲಿ ಗುಳ್ಳೆ. ಬೆಳಗಾಗುವಷ್ಟರಲ್ಲಿ ಇನ್ನೊಂದು ಕಂಡಿತು. ಕಾಫಿ ಲೋಟವನ್ನು ಬಾಯಿಗಿಟ್ಟಾಗ ಕೆಳತುಟಿಯ ಬಲ ಮೂಲೆಯಿಂದ ಕಾಫಿ ಸೋರಿತು. ಮಾತಾಡಿದರೆ ತುಟಿ ಒಂದು ಕಡೆಗೆ ಮಾತ್ರ ಇಳಿಯುತ್ತಿತ್ತು. ಏನಾಗೈತೆ ನೋಡಿ ಎಂದು ನನ್ನ ಕಡೆ ತಿರುಗಿದಳು. ನನಗೆ ಆ ಟವೆಲ್ ಹೊದ್ದ ಕನ್ನಡಿಗಳು ನೆನಪಾದವು. ಈ ಬಾಯಿ ಹೀಗೆಯೇ ಉಳಿದುಬಿಟ್ಟರೆ ಎನ್ನುವ ಯೋಚನೆ ಒಂದೇ, ಬೇರೆ ಏನೂ ತಲೆಯಲ್ಲಿ ಇರಲಿಲ್ಲ.

ಮಹಡಿ ಹತ್ತಿದೆ. ಆಕೆ ಆಗಷ್ಟೇ ಊದುಬತ್ತಿ ಹಚ್ಚುತ್ತಿದ್ದಳು. ಗಿರಿಜ ನನ್ನ ಹಿಂದೆಯೇ ಹತ್ತಿ ಬಂದಿದ್ದಳು, ಅದು ನನಗೆ ಗೊತ್ತಾಗಿರಲಿಲ್ಲ. ಆಕೆ ಗಿರಿಜಳ ಬಾಯಿ ನೋಡಿದಳು, ಊದುಬತ್ತಿಯನ್ನು ದೇವರಿಗೆ ತೋರಿಸದೆಯೇ ಮೇಜಿನ ಮೇಲಿಟ್ಟಳು. ನಾನು ಆ ಮಿಷನ್ನಿನ ತಲೆಯನ್ನು ಎತ್ತಿ ಆಕೆಯ ಮುಂದೆ ಹಿಡಿದು, ನಿಮ್ಮ ಮುಖಕ್ಕೆ ಇಟ್ಟುಕೊಳ್ಳಿ, ನಾನು ನೋಡಬೇಕು ಎಂದೆ. ಆಕೆ ಗೋಡೆಗೆ ಒತ್ತಿಕೊಂಡು ನಿಂತಳು.

‘ನಾನು ಯಾವತ್ತೂ ಇಟ್ಕೊಂಡಿಲ್ಲ ಕಣ್ರೀ. ಒಂದ್ಸಲ ಸೊಟ್ಟ ಆದ ಮುಖ. ನಂಗೆ ಭಯ.’

ಒಂದು ಸಲವೂ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹೊಟ್ಟೆಯಲ್ಲಿರುವ ಮಗುವಿಗೂ ಏನೂ ಆಗುವುದಿಲ್ಲ ಎನ್ನುತ್ತಿದ್ದವಳು ತನ್ನ ಕೆನ್ನೆಯ ಹತ್ತಿರಕ್ಕೂ ಅದನ್ನು ತಂದಿರಲಿಲ್ಲ. ನಾನು ಬೈಯಬೇಕೆಂದು ಹೋದವನು, ಬೈಗುಳ ಕೂಡ ಆಕೆಗೆ ಮರ್ಯಾದೆ ಎನಿಸಿ ಸುಮ್ಮನೆ ಇಳಿದು ಬಂದೆ.

ಹಾಸನದ ಚರ್ಮದ ಡಾಕ್ಟರು, ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು, ದವಡೆಯನ್ನು ಬೆಳಕಿಗೆ ಹಿಡಿದು ನೋಡಿ, ಏನು ಹಚ್ಚಿದ್ದರು ಎಂದು ಕೇಳಿದರು. ಗಿರಿಜ ಎಣ್ಣೆ ಎಂದಳು. ಡಾಕ್ಟರು ಒಂದು ಕ್ಷಣ ಪೆನ್ನು ಕೆಳಗಿಟ್ಟರು. ಆ ಚಿಕಿತ್ಸೆ ಕೆಟ್ಟದ್ದೇನಲ್ಲ ಎಂದರು. ಹುಬ್ಬು, ದವಡೆ, ಕುತ್ತಿಗೆಯ ಚರ್ಮ ಸ್ವಲ್ಪ ಸಡಿಲವಾಗಿದ್ದವರಿಗೆ, ಕಲಿತವರ ಕೈಯಲ್ಲಿ, ಸ್ವಲ್ಪ ಮಟ್ಟಿಗೆ ಉಪಯೋಗ ಆಗುತ್ತದೆ. ಆಪರೇಷನ್ ಮಾಡಿದಷ್ಟು ಎತ್ತುವುದಿಲ್ಲ, ತುಂಬ ಜೋತ ಚರ್ಮಕ್ಕೆ ಕೆಲಸವನ್ನೇ ಮಾಡುವುದಿಲ್ಲ, ಫಲ ಕಾಣಲು ತಿಂಗಳುಗಳು ಬೇಕು. ಒಂದೆರಡು ದಿನ ಕೆಂಪಾಗುವುದು, ಊದುವುದು, ಮುಟ್ಟಿದರೆ ನೋಯುವುದು ಇದ್ದದ್ದೇ. ಮಿಷನ್ನಿನ ತಲೆ ಚರ್ಮಕ್ಕೆ ಪೂರ್ತಿ ಕೂರದೆ ನಡುವೆ ಗಾಳಿ ಉಳಿದರೆ ಒಳಗೆ ಹೋಗಬೇಕಾದ ಶಾಖ ಮೇಲೆಯೇ ನಿಂತು ಸುಡುತ್ತದೆ, ಅದಕ್ಕೇ ಜೆಲ್ ಬೇಕು, ಎಣ್ಣೆ ಆ ಕೆಲಸ ಮಾಡುವುದಿಲ್ಲ. ದವಡೆಯ ಅಂಚಿನಲ್ಲಿ ತುಟಿಯ ನರ ಹಾದುಹೋಗುತ್ತದೆ, ಅಲ್ಲಿ ಕೈ ತಪ್ಪಬಾರದು. ಕೆನ್ನೆ ಬತ್ತಿದವರಿಗೆ ಮಾಡುವ ಮುಂಚೆ ಎರಡು ಸಲ ಯೋಚಿಸಬೇಕು, ಕೆಲವರಿಗೆ ಕೊಬ್ಬು ಕರಗಿ ಇನ್ನೂ ಗುಳಿ ಬೀಳುತ್ತದೆ. ಸಕ್ಕರೆ ಇದೆಯೇ, ಏನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಪಾರ್ಲರಿನವರು ಕೇಳಿದ್ದರಾ ಎಂದು ಡಾಕ್ಟರು ವಿಚಾರಿಸಿದರು. ಯಾರೂ ಏನೂ ಕೇಳಿರಲಿಲ್ಲ. ತುಟಿ ಬಹುಪಾಲು ತಾನಾಗಿಯೇ ವಾರಗಳಲ್ಲಿ ಸರಿಹೋಗುತ್ತದೆ, ಗೆರೆ ಉಳಿದರೂ ಉಳಿಯಬಹುದು ಎಂದು ಮುಲಾಮು ಬರೆದುಕೊಟ್ಟರು. ವಾಪಸು ಬರುವಾಗ ದಾರಿಯುದ್ದಕ್ಕೂ ಗಿರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಮುಂದೆ ನಡೆದದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮಹಡಿ ಮೇಡಂ ನಮ್ಮ ಮನೆಗೆ ಬರತೊಡಗಿದಳು. ನಾನು ಅಂಗಡಿಗೆ ಹೋದ ಮೇಲೆ ಬಂದು, ಅಡುಗೆಮನೆಯಲ್ಲಿ ಗಿರಿಜಳ ಎದುರು ನೆಲದ ಮೇಲೆ ಕೂತು, ತಾನು ಕಲಿತಿದ್ದ ಅಭ್ಯಾಸಗಳನ್ನು ಹೇಳಿಕೊಡುತ್ತಿದ್ದಳು. ಒಂದು ದಿನ ಮರೆತ ಕನ್ನಡಕಕ್ಕೆಂದು ಮನೆಗೆ ಹೋದಾಗ ನೋಡಿದೆ. ಇಬ್ಬರು ಹೆಂಗಸರು ಎದುರುಬದುರು ಕೂತು ಕೆನ್ನೆ ಉಬ್ಬಿಸಿ ಒಬ್ಬರ ಮುಖಕ್ಕೊಬ್ಬರು ಊದುತ್ತಿದ್ದರು. ಒಬ್ಬಳ ಬಾಯಿ ಎಡಕ್ಕೆ ಸೋತಿತ್ತು, ಇನ್ನೊಬ್ಬಳದು ಬಲಕ್ಕೆ. ಆಕೆ ಅಳುತ್ತಲೂ ಇದ್ದಳು, ಊದುತ್ತಲೂ ಇದ್ದಳು. ನಾನು ಕನ್ನಡಕ ತೆಗೆದುಕೊಳ್ಳದೆಯೇ ಹಿಂತಿರುಗಿದೆ. ಆಕೆಯನ್ನು ಮನೆಗೆ ಸೇರಿಸಬೇಡ ಎಂದು ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅವಳಿಗಲ್ಲದೆ ಇದರ ಸಂಕಟ ಈ ಊರಲ್ಲಿ ಇನ್ಯಾರಿಗೆ ಗೊತ್ತು ಎಂದಳು ಗಿರಿಜ.

ಬಾಯಿ ಸರಿಹೋಯಿತು. ಒಂದು ಬೆಳಿಗ್ಗೆ ಕಾಫಿ ಸೋರಲಿಲ್ಲ, ಗಿರಿಜ ಲೋಟ ಕೆಳಗಿಟ್ಟು ನನ್ನನ್ನು ನೋಡಿ ನಕ್ಕಳು, ನಗು ಎರಡೂ ಕಡೆಗೆ ಹೋಯಿತು. ನನಗೆ ಗಂಟಲು ಕಟ್ಟಿದ್ದು ಆವತ್ತು. ಗುಳ್ಳೆಗಳೂ ಒಣಗಿದವು, ಗೆರೆಗಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಉಳಿದವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹವನ್ನು ಬೇರೆ ಥರ ಬರೆಯುತ್ತಿದ್ದೆನೋ ಏನೋ. ಪಶ್ಚಾತ್ತಾಪಪಟ್ಟವರು ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಒಂದು ವಾರವೂ ಕಳೆದಿರಲಿಲ್ಲ, ಮೆಟ್ಟಿಲ ಮೇಲೆ ಆಕೆಯ ದನಿ ಕೇಳಿಸಿತು. ಬಿಕ್ಕೋಡಿನ ಕಡೆಯಿಂದ ಬಂದಿದ್ದ, ಕಾಫಿ ತೋಟದವರಂತೆ ಕಂಡ ಒಬ್ಬ ಹೆಂಗಸನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಳು.

‘ಕೆಳಗಡೆ ಮೆಡಿಕಲ್‌ನೋರ ಮನೆಯೋರಿಗೇ ಬಾಯಿ ಸೊಟ್ಟ ಆಗಿತ್ತು ಕಣ್ರೀ. ನಾನೇ ಸರಿ ಮಾಡಿದ್ದು. ಬೇಕಾದ್ರೆ ಕೇಳಿ.’

ನಾನು ಕೌಂಟರಿನ ಹಿಂದೆ ನಿಂತಿದ್ದೆ. ನಾನು ಇದ್ದೇನೆ ಎಂದು ಆಕೆಗೆ ಗೊತ್ತಿತ್ತು. ಬೇಕಾದರೆ ಕೇಳಿ ಎಂದದ್ದು ನನ್ನ ಕಡೆಗೆ ಕೈ ತೋರಿಸಿಯೇ. ಅದು ನಾಚಿಕೆಗೇಡಿತನವೋ, ಅಥವಾ ಆ ಹೊತ್ತಿಗೆ ಆಕೆ ನಿಜವಾಗಿಯೂ ಹಾಗೆಂದು ನಂಬಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹೆಂಗಸಿಗೆ ನಾನು ಕೂಗಿ ಹೇಳಿದೆ, ಹತ್ತಬೇಡಿ, ನನ್ನ ಹೆಂಡತಿಯ ಮುಖ ಸುಟ್ಟಿದ್ದೇ ಇವರು ಎಂದು. ಅವಳು ನನ್ನನ್ನು ನೋಡಿದಳು, ಮೇಡಂ ಮುಖ ನೋಡಿದಳು, ಮೇಡಂ ನಕ್ಕಳು, ಇಬ್ಬರೂ ಮೇಲೆ ಹೋದರು. ಮನೆಗೆ ಹೋಗಿ ಗಿರಿಜಳಿಗೆ ಹೇಳಿದರೆ, ಹೋಗಲಿ ಬಿಡಿ, ಬಾಯಿ ನೆಟ್ಟಗಾಯ್ತಲ್ಲ ಎಂದಳು.

ಆಕೆ ಎದೆನೋವಿನಿಂದ ಹೋದಳು. ಹಬ್ಬಕ್ಕೆ ಹಗರೆಗೆ ಹೋಗಿದ್ದವಳು ತಿರುಗಿ ಬರಲಿಲ್ಲ. ಗಿರಿಜ ಬಿಡಲಿಲ್ಲ, ನಾನು ಹಳೇಬೀಡಿನ ಮೇಲೆ ಹಾಯ್ದು ಹಗರೆಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಜಗಲಿಯ ಮೇಲೆ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ನಾನು ಹತ್ತಿರ ಹೋಗಿ ಮುಖ ನೋಡಿದೆ. ಬಲಗೆನ್ನೆಯೂ ಎಡಗೆನ್ನೆಯ ಹಾಗೆಯೇ ಇಳಿದಿತ್ತು. ಎರಡೂ ಕಡೆ ಸಮನಾಗಿತ್ತು. ಗಿರಿಜಳೂ ಅದನ್ನೇ ನೋಡುತ್ತಿದ್ದಳು ಎಂದು ಕಾಣುತ್ತದೆ, ತುಂಬ ಹೊತ್ತು ಅಲ್ಲಿಂದ ಏಳಲಿಲ್ಲ.

ಕೆಲವು ತಿಂಗಳಾದ ಮೇಲೆ ಗೃಹಪ್ರವೇಶಕ್ಕೆಂದು ಬೇಲೂರಿಗೆ ಹೋಗಿದ್ದೆವು. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಗಿರಿಜ ಇದ್ದಕ್ಕಿದ್ದಂತೆ ನಿಂತಳು. ಒಂದು ಪಾರ್ಲರಿನ ಬಾಗಿಲ ಪಕ್ಕದಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಮಹಡಿ ಮೇಡಂನ ಮುಖ, ನಡುವೆ ಬಿಳಿ ಗೆರೆ, ಒಂದು ಕಡೆ ಮೊದಲು, ಇನ್ನೊಂದು ಕಡೆ ನಂತರ. ಹಗರೆಯವರು ಮಾರಿದ್ದಿರಬೇಕು, ಬಾಗಿಲ ಮರೆಯಲ್ಲಿ ಆ ಬಿಳಿ ಮಿಷನ್ನೂ ಕಾಣುತ್ತಿತ್ತು. ಮಣ್ಣಿಗೆ ಹೋದ ಮೇಲೂ ಆ ಮುಖಕ್ಕೆ ರಜೆ ಇರಲಿಲ್ಲ. ನಾನು ನಡಿ ಎಂದು ಗಿರಿಜಳ ಕೈ ಹಿಡಿದು ಎಳೆದೆ. ಅವಳು ಕದಲಲಿಲ್ಲ.

ಪಾರ್ಲರಿನವಳು ಹೊರಗೆ ಬಂದಳು. ಮೂವತ್ತು ದಾಟಿದ, ನಗುಮುಖದ ಹೆಂಗಸು. ಕೇಳದೆ ಕರೆಯದೆ ತೋರುಬೆರಳನ್ನು ಗಿರಿಜಳ ಗಲ್ಲದ ಕೆಳಗಿಟ್ಟು ಮುಖವನ್ನು ಎತ್ತಿದಳು. ಆ ಬೆರಳನ್ನೂ ಮಿಷನ್ನಿನ ಜೊತೆಗೇ ಕೊಂಡು ತಂದಿದ್ದಳೋ ಏನೋ. ದವಡೆಯ ಗೆರೆಗಳನ್ನು ನೋಡಿ, ಸುಟ್ಟುಕೊಂಡಿದ್ದಾ ಅಕ್ಕ ಎಂದು ಕೇಳಿ, ಇದನ್ನೂ ತೆಗೆಯಬಹುದು, ನಮ್ಮಲ್ಲಿ ಮಿಷನ್ ಐತೆ ಎಂದಳು. ಗಿರಿಜ ಫ್ಲೆಕ್ಸಿನ ಕಡೆ ಕಣ್ಣು ತೋರಿಸಿ, ಇವರು ಯಾರು ಎಂದು ಕೇಳಿದಳು.

‘ನಮ್ಮ ಕಸ್ಟಮರ್ರೇ ಅಕ್ಕ. ಆಗ ಒಂದೇ ಕಡೆ ಮಾಡಿಸ್ಕೊಂಡಿದ್ರು. ಈಗ ಎರಡೂ ಕಡೆ ಸಮ ಆಗೈತೆ, ಆರಾಮಾಗವ್ರೆ.’

ಗಿರಿಜ ಆ ಬೆರಳನ್ನು ಹಿಡಿದು ಮೆಲ್ಲಗೆ ತನ್ನ ಗಲ್ಲದಿಂದ ಕೆಳಗಿಳಿಸಿದಳು.

‘ಹೌದು,’ ಎಂದಳು. ‘ನಾನು ನೋಡ್ದೆ.’